ಗುಡ್ಡದ ಮೇಲಿನ ಇಡ್ಲಿ

ನನ್ನ ಎಡಗಣ್ಣು ಹೋಗಿ ಕೆಲವು ವರ್ಷಗಳಾದವು. ಮೈಸೂರಿನ ಕಣ್ಣಿನ ಡಾಕ್ಟರು, "ಇನ್ನೊಂದು ಚೆನ್ನಾಗಿದೆಯಲ್ಲ ಅಮ್ಮ, ಪುಣ್ಯ ಅಂದ್ಕೊಳ್ಳಿ" ಎಂದು ಹೇಳಿ ಕಳಿಸಿದರು. ನಾನೂ ಹಾಗೆಯೇ ಅಂದುಕೊಂಡು ಮನೆಗೆ ಬಂದೆ. ಊಟಕ್ಕೆ ಬಂದಿದ್ದ ಬೀಗರಿಗೆ ಸಾರು ಬಡಿಸಲು ಹೋದಾಗ ನಿಜ ಗೊತ್ತಾಯಿತು. ಸೌಟು ಎಲೆಯ ಮೇಲಿದೆ ಎಂದುಕೊಂಡು ಬಗ್ಗಿಸಿದೆ. ಸಾರು ಅವರ ಪಂಚೆಯ ಮೇಲಿತ್ತು.

ಒಂದು ಕಣ್ಣು ಹೋದರೆ ಅರ್ಧ ಲೋಕ ಕಾಣುವುದಿಲ್ಲ ಎಂದು ಜನ ತಿಳಿದಿದ್ದಾರೆ. ಲೋಕವೆಲ್ಲ ಕಾಣುತ್ತದೆ. ಗೋಡೆಯ ಮೇಲಿನ ಕ್ಯಾಲೆಂಡರಿನ ಹಾಗೆ ಚಪ್ಪಟೆಯಾಗಿ ಕಾಣುತ್ತದೆ, ಅಷ್ಟೇ. ಯಾವುದು ಹತ್ತಿರ, ಯಾವುದು ದೂರ, ಎಲ್ಲಿ ನೆಲ ಮುಗಿದು ಮೆಟ್ಟಿಲು ಶುರುವಾಯಿತು ಎನ್ನುವುದು ಮಾಯ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೊಲಿಗೆ ಟೀಚರಾಗಿದ್ದವಳು ನಾನು. ಸೂಜಿಗೆ ದಾರ ಪೋಣಿಸಲಾರದೆ ಒಂದು ಮಧ್ಯಾಹ್ನವೆಲ್ಲ ಗಾಳಿಯನ್ನು ಚುಚ್ಚುತ್ತಾ ಕುಳಿತಿದ್ದೆ.

ಆಮೇಲೆ ಒಂದೊಂದೇ ಉಪಾಯ ಕಲಿತೆ. ಮೆಟ್ಟಿಲಿನ ಅಂಚಿಗೆ ಕೆಂಪು ಟೇಪು ಅಂಟಿಸಬೇಕು. ಲೋಟದಿಂದ ಬಟ್ಟಲಿಗೆ ಕಾಫಿ ಸುರಿಯುವಾಗ ಅಂಚಿಗೆ ಅಂಚು ತಾಗಿಸಿ, ಟಿಣ್ ಎಂದ ಮೇಲೆ ಬಗ್ಗಿಸಬೇಕು. ಎತ್ತರದಿಂದ ಧಾರೆ ಹಿಡಿದು ನೊರೆ ಎಬ್ಬಿಸುವ ಸೊಗಸು ಹೋಯಿತು. ಲಾಭವೂ ಇಲ್ಲದಿಲ್ಲ. ಬೇಡದ ನೆಂಟರು ಮದುವೆಮನೆಯಲ್ಲಿ ಎದುರಾದರೆ ಅವರನ್ನು ಎಡಕ್ಕೆ ಬಿಟ್ಟುಕೊಂಡು ಮುಂದೆ ನಡೆದುಬಿಡುತ್ತೇನೆ.

ಹೋದ ವರ್ಷ ನನ್ನ ಮಗಳು ಕಾಲು ಮುರಿದುಕೊಂಡಳು. ಅವಳು ಜಪಾನಿನ ತ್ಸುಕುಬಾದಲ್ಲಿ ಸಂಶೋಧನೆಯ ಕೆಲಸದಲ್ಲಿದ್ದಾಳೆ. ಗುಡ್ಡಗಳು ಎಲ್ಲಿ ಜಾರುತ್ತವೆ ಎಂದು ನಕ್ಷೆ ಬರೆಯುವುದೇ ಅವಳ ಕೆಲಸ. ದೇಶದ ಉತ್ತರಕ್ಕೆ ಒಂದು ಇಕ್ಕಟ್ಟಾದ ಕಣಿವೆಯಿದೆಯಂತೆ. ರೈಲು, ಹೆದ್ದಾರಿ, ದೊಡ್ಡ ಕರೆಂಟು ಲೈನು ಮೂರೂ ಅದರೊಳಗೇ ನುಸುಳಿಕೊಂಡು ಹೋಗಬೇಕು. ಎರಡೂ ಕಡೆ ಗುಡ್ಡ. ಆ ಗುಡ್ಡಗಳನ್ನು ನೋಡಲು ಹೋದವಳು ತಾನೇ ಜಾರಿ ಪಾದದ ಗಂಟು ಮುರಿದುಕೊಂಡಿದ್ದಳು. ಅಳಿಯ ಒಸಾಕಾದಲ್ಲಿ ಕೆಲಸ, ವಾರದ ಕೊನೆಗೆ ಬರುತ್ತಾನೆ. ಮೊಮ್ಮಗಳಿಗೆ ಸ್ಕೂಲು. ಹಾಗಾಗಿ ನಾನು ಕಾಫಿಪುಡಿ, ಫಿಲ್ಟರು, ಲೋಟ ಬಟ್ಟಲುಗಳನ್ನು ಸೀರೆಯಲ್ಲಿ ಸುತ್ತಿಕೊಂಡು ವಿಮಾನ ಹತ್ತಿದೆ.

"ಗುಡ್ಡ ಜಾರತ್ತೋ ಇಲ್ವೋ ನೋಡೋಕೆ ಹೋಗಿ ನೀನೇ ಜಾರಿದ್ಯಲ್ಲೇ" ಎಂದೆ, ಅವಳ ಪ್ಲಾಸ್ಟರಿನ ಮೇಲೆ ತಟ್ಟಿ.

"ಅಮ್ಮ, ಏರ್‌ಪೋರ್ಟಿಂದ ಬಂದು ಇನ್ನೂ ಕೈಕಾಲು ತೊಳ್ದಿಲ್ಲ ನೀನು. ಆಗ್ಲೇ ಶುರು ಮಾಡ್ಬೇಡ" ಎಂದಳು.

ಅವಳ ಮನೆಯ ಬಾಗಿಲ ಒಳಗೆ ಚಪ್ಪಲಿ ಬಿಡುವ ತಗ್ಗು ಇದೆ. ಅಲ್ಲಿಂದ ಒಂದು ಮೆಟ್ಟಿಲು ಹತ್ತಿ ಮನೆಯೊಳಗೆ ಬರಬೇಕು. ನೆಲವೂ ಮೆಟ್ಟಿಲೂ ಒಂದೇ ಬಣ್ಣದ ಮರ. ಮೊದಲ ದಿನವೇ ಅಲ್ಲಿ ಎಡವಿದೆ. ಕೊಂಬಿನಿ ಎನ್ನುವ ಬೀದಿ ಮೂಲೆಯ ಅಂಗಡಿಗೆ ಹೋಗಿ ಕೆಂಪು ಟೇಪು ತಂದು ಮೆಟ್ಟಿಲಿನ ಅಂಚಿಗೆ ಅಂಟಿಸಿದೆ. ಬಾಡಿಗೆ ಮನೆ, ಗುರುತು ಉಳಿದರೆ ಮಾಲೀಕರು ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಮಗಳು ಗೊಣಗಿದಳು. "ನನ್ನ ಕಾಲೂ ಮುರಿದ್ರೆ ನಿಮ್ಮಿಬ್ರಿಗೂ ಅನ್ನ ಮಾಡಾಕೋರು ಯಾರು?" ಎಂದ ಮೇಲೆ ಸುಮ್ಮನಾದಳು.

ಕಾಲು ನೆಲಕ್ಕೂರುವಂತಿರಲಿಲ್ಲವಾದ್ದರಿಂದ ಅವಳು ಮನೆಯಲ್ಲೇ ಕೆಲಸ ಮಾಡುತ್ತಿದ್ದಳು. ಊಟದ ಮೇಜಿನ ತುಂಬ ವಿಮಾನದಿಂದ ತೆಗೆದ ಹಳೆಯ ಕಪ್ಪುಬಿಳುಪು ಫೋಟೋಗಳು. ಈಗ ಲೇಸರಿನಲ್ಲಿ ಅಳೆದು ಕಂಪ್ಯೂಟರಿನಲ್ಲೇ ನೋಡುತ್ತಾರಂತೆ, ಆದರೆ ಕಣಿವೆಯ ಕೆಲವು ಮೂಲೆಗಳಿಗೆ ಲೇಸರು ಇನ್ನೂ ಹೋಗಿರಲಿಲ್ಲ. ಅಲ್ಲದೆ ಹೆದ್ದಾರಿಗಾಗಿ ಗುಡ್ಡ ಕಡಿಯುವ ಮೊದಲು ನೆಲ ಹೇಗಿತ್ತು ಎನ್ನುವುದನ್ನು ಹಳೆಯ ಫೋಟೋಗಳೇ ಹೇಳಬೇಕು. ಒಂದೇ ಗುಡ್ಡವನ್ನು ವಿಮಾನ ಎರಡು ಜಾಗದಿಂದ ತೆಗೆದಿರುತ್ತದೆ. ಎರಡು ಫೋಟೋಗಳನ್ನೂ ಪಕ್ಕಪಕ್ಕ ಇಟ್ಟು, ಎರಡು ಮಸೂರಗಳಿರುವ ಒಂದು ಪುಟ್ಟ ಸ್ಟ್ಯಾಂಡನ್ನು ಮೇಲೆ ನಿಲ್ಲಿಸಿ ನೋಡಿದರೆ, ಬಲಗಣ್ಣು ಒಂದನ್ನು ನೋಡುತ್ತದೆ, ಎಡಗಣ್ಣು ಇನ್ನೊಂದನ್ನು ನೋಡುತ್ತದೆ, ಗುಡ್ಡ ಕಾಗದದಿಂದ ಎದ್ದು ನಿಲ್ಲುತ್ತದೆ. ಹಿಂದೆ ಒಮ್ಮೆ ಜಾರಿದ ಗುಡ್ಡದ ನೆತ್ತಿಯಲ್ಲಿ ಕುದುರೆ ಲಾಳದ ಆಕಾರದ ಗುಳಿ ಇರುತ್ತದೆ. ಒಮ್ಮೆ ಜಾರಿದ್ದು ಮತ್ತೆ ಜಾರುವುದಕ್ಕೆ ಕಾಯುತ್ತಿರುತ್ತದೆ. ಆ ಗುಳಿ ಹುಡುಕಿ ಸುತ್ತ ಗೆರೆ ಎಳೆಯಬೇಕು.

ನಾನೂ ಬಗ್ಗಿ ನೋಡಿದೆ.

"ಏನು ಕಾಣತ್ತಮ್ಮ?"

"ಗುಡ್ಡದ ಮೇಲೆ ಒಂದು ಇಡ್ಲಿ ಇದೆ ನೋಡು. ಚೆನ್ನಾಗಿ ಉಬ್ಬಿದೆ."

ಅವಳು ಬಗ್ಗಿ ನೋಡಿ ನಕ್ಕಳು. "ಇಡ್ಲಿ ಅಲ್ಲಮ್ಮ ಅದು, ಇಡ್ಲಿ ತಟ್ಟೆಯ ಗುಳಿ. ಒಂದೇ ಕಣ್ಣಲ್ಲಿ ನೋಡಿದ್ರೆ ನೆರಳು ಮೋಸ ಮಾಡತ್ತೆ. ಹಳ್ಳ ಇರೋದು ದಿಬ್ಬದ ಥರ ಕಾಣತ್ತೆ. ಇದಕ್ಕೆ ಎರಡು ಕಣ್ಣೂ ಬೇಕು."

"ಹಾಗಾದ್ರೆ ನನಗೆ ಕೆಲಸ ಕೊಡಲ್ಲ ಅನ್ನು."

"ಕೊಡ್ತೀನಿ. ಕಾಫಿ ಮಾಡು."

ಈ ಕೆಲಸದಲ್ಲಿ ಒಂದು ಪದ್ಧತಿ ಇದೆ. ಒಂದೇ ಫೋಟೋ ಜೋಡಿಯನ್ನು ಇಬ್ಬರು ಬೇರೆ ಬೇರೆ ಕುಳಿತು ನೋಡಬೇಕು, ಬೇರೆ ಬೇರೆ ಪಾರದರ್ಶಕ ಹಾಳೆಗಳಲ್ಲಿ ಗೆರೆ ಹಾಕಬೇಕು. ಆಮೇಲೆ ಎರಡು ಹಾಳೆಗಳನ್ನೂ ಒಂದರ ಮೇಲೊಂದು ಇಟ್ಟು, ಗೆರೆಗಳು ಕೂಡದ ಕಡೆ ವಾದ ಮಾಡಿ ತೀರ್ಮಾನಕ್ಕೆ ಬರಬೇಕು. ಒಬ್ಬರ ಕಣ್ಣು ತಪ್ಪಿದರೆ ಇನ್ನೊಬ್ಬರದು ಹಿಡಿಯಲಿ ಎಂದು. ಮಗಳದು ಕೆಂಪು ಪೆನ್ಸಿಲು. ನೀಲಿ ಪೆನ್ಸಿಲು ಅವಳ ಆಫೀಸಿನ ಹಿರಿಯರೊಬ್ಬರದು. ಅವಳಿಗೆ ಈ ವಿದ್ಯೆ ಕಲಿಸಿದವರೇ ಅವರು. ನಿವೃತ್ತರಾಗಿದ್ದರೂ ಈ ಕಣಿವೆಗಾಗಿ ಮತ್ತೆ ಕರೆಸಿಕೊಂಡಿದ್ದರು, ಏಕೆಂದರೆ ಅವರು ಹುಟ್ಟಿ ಬೆಳೆದದ್ದು ಅಲ್ಲೇ. ಅವರ ಅಕ್ಕ ಈಗಲೂ ಅಲ್ಲಿಯ ಒಂದು ಪುಟ್ಟ ರೈಲು ಸ್ಟೇಷನ್ನಿನ ಹತ್ತಿರ, ಸೇಬಿನ ತೋಟದ ಮನೆಯಲ್ಲಿದ್ದರು. ಮಗಳು ಅವರನ್ನು ಸೆನ್ಸೇ, ಅಂದರೆ ಮೇಷ್ಟ್ರೇ, ಎನ್ನುತ್ತಿದ್ದಳು. ಅಲ್ಲಿ ಹೆಸರಿನ ಕೊನೆಗೆ ಸಾನ್ ಸೇರಿಸುವುದು ಮರ್ಯಾದೆ, ನಾನು ನೀಲಿ ಸಾನ್ ಎಂದು ಹೆಸರಿಟ್ಟೆ.

ಅವಳು ಆಫೀಸಿಗೆ ಹೋಗುವಂತಿರಲಿಲ್ಲವಲ್ಲ, ಶನಿವಾರ ಶನಿವಾರ ಅವರೇ ಹಾಳೆಗಳ ಉದ್ದನೆಯ ಕೊಳವೆ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದರು. ತ್ಸುಕುಬಾದಲ್ಲಿ ಸಣ್ಣವರು ದೊಡ್ಡವರು ಎನ್ನದೆ ಎಲ್ಲರೂ ಸೈಕಲ್ಲು ತುಳಿಯುತ್ತಾರೆ. ಅವರು ನಡೆದು ಬರುತ್ತಿದ್ದರು. "ಮೊದ್ಲೆಲ್ಲ ಸೈಕಲ್ ಬಿಟ್ಟು ಇಳಿದವರೇ ಅಲ್ಲ ಸೆನ್ಸೇ. ಈಗ ವಾಕಿಂಗ್ ಹುಚ್ಚು ಹಿಡಿದಿದೆ" ಎಂದಳು ಮಗಳು. ನನಗಿಂತ ಸ್ವಲ್ಪ ದೊಡ್ಡವರು. ಇಸ್ತ್ರಿ ಮಾಡಿದ ಷರ್ಟು, ಮೇಲೊಂದು ಹಳೆಯ ಸ್ವೆಟರು. ಮೊದಲ ದಿನ ಬಾಗಿಲಲ್ಲಿ ನಿಂತು ನನ್ನ ಕೆಂಪು ಟೇಪನ್ನು ನೋಡಿ, "ವೆರಿ ಗುಡ್, ವೆರಿ ಗುಡ್" ಎಂದು ಅದರ ಮೇಲೇ ಹೆಜ್ಜೆ ಇಟ್ಟು ಒಳಗೆ ಬಂದರು. ಮಗಳು ನನ್ನನ್ನು ಅಮ್ಮ ಎನ್ನುವುದನ್ನು ಕೇಳಿ ಅದೇ ನನ್ನ ಹೆಸರೆಂದು ತಿಳಿದು ಅಮ್ಮ-ಸಾನ್ ಎಂದರು. ಯಾರೂ ತಿದ್ದಲಿಲ್ಲ.

ನಾನು ಅವರಿಗೆ ಲೋಟ ಬಟ್ಟಲಿನಲ್ಲಿ ಕಾಫಿ ಕೊಟ್ಟೆ. ಅವರು ಎರಡನ್ನೂ ತಿರುಗಿಸಿ ನೋಡಿದರು.

"ಹೌ?"

"ಹೀಗೆ" ಎಂದು ನಾನು ನನ್ನ ಲೋಟದ ಅಂಚನ್ನು ಬಟ್ಟಲಿನ ಅಂಚಿಗೆ ತಾಗಿಸಿ ಸುರಿದು ತೋರಿಸಿದೆ. ಅವರು ಹಾಗೆಯೇ ಮಾಡಿದರು. ಟಿಣ್. ಒಂದು ಹನಿಯೂ ಚೆಲ್ಲಲಿಲ್ಲ.

"ನೋಡೇ, ನಿನ್ನ ಸೆನ್ಸೇ ಎಷ್ಟು ಜಾಣ. ನಿನ್ನ ಗಂಡ ಇನ್ನೂ ಮೈಮೇಲೆ ಚೆಲ್ಕೋತಾನೆ."

ಮಗಳು ಅದನ್ನು ಜಪಾನಿಯಲ್ಲಿ ಹೇಳಿದಳು. ಅವರು ನಕ್ಕು ತಲೆ ಬಗ್ಗಿಸಿದರು. ಆಮೇಲೆ ಪ್ರತಿ ಶನಿವಾರ ಚೀಲದಲ್ಲಿ ಎರಡು ಸೇಬು ತರುತ್ತಿದ್ದರು. ಅಕ್ಕನ ತೋಟದ್ದು. ನಾನು ಚಕ್ಕುಲಿ ಕೊಡುತ್ತಿದ್ದೆ. ಅವರಿಗೆ ನಾಲ್ಕು ಮಾತು ಇಂಗ್ಲಿಷು, ನನಗೂ ಅಷ್ಟೇ. ಅವೇ ನಾಲ್ಕರಲ್ಲಿ ಎಷ್ಟೊಂದು ಮಾತಾಡುತ್ತಿದ್ದೆವು. ನನ್ನ ಗಂಡ ತೀರಿಹೋದಮೇಲೆ ನಾನು ಯಾರನ್ನಾದರೂ ಕಾಯ್ದು ಬಾಗಿಲ ಕಡೆ ನೋಡಿದ್ದು ಆ ಶನಿವಾರಗಳಲ್ಲೇ. ಇದನ್ನು ಮಗಳ ಎದುರು ಹೇಳಿರಲಿಲ್ಲ. ಈಗ ಓದಿಕೊಳ್ಳಲಿ.

ಕೊನೆಗೆ ಅವರ ಊರಿನ ಹಾಳೆ ಬಂತು. ಮಗಳು ತನ್ನ ಪಾಲಿನದನ್ನು ಮೊದಲೇ ನೋಡಿದ್ದರೂ, ಅವರು ಬಲು ಹಿಂದಿನಿಂದಲೂ ಅದನ್ನು ಕೊನೆಗೆಂದು ಎತ್ತಿಟ್ಟಿದ್ದರಂತೆ. ಇದನ್ನು ಮುಗಿಸಿ ಪೆನ್ಸಿಲು ಕೆಳಗಿಡುತ್ತೇನೆ ಎಂದು ಆಫೀಸಿನಲ್ಲೆಲ್ಲ ಹೇಳಿದ್ದರಂತೆ. ಅದು ಮುಗಿದರೆ ಇಡೀ ಕಣಿವೆಯ ನಕ್ಷೆ ರೈಲಿನವರ, ರಸ್ತೆಯವರ ಕೈಸೇರುತ್ತದೆ. ಎಲ್ಲಿ ತಡೆಗೋಡೆ, ಎಲ್ಲಿ ಎಚ್ಚರಿಕೆಯ ಯಂತ್ರ, ಯಾರ ಮನೆ ಖಾಲಿ ಮಾಡಿಸಬೇಕು ಎಂದು ಅದನ್ನು ನೋಡಿಯೇ ತೀರ್ಮಾನ.

ಆ ಶನಿವಾರ ಅವರಿಬ್ಬರೂ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬಹಳ ಹೊತ್ತು ಜಪಾನಿಯಲ್ಲಿ ಮೆಲ್ಲಗೆ ಮಾತಾಡಿದರು. ನೀಲಿ ಸಾನ್ ಕೈ ತೊಳೆಯಲು ಎದ್ದು ಹೋದಾಗ, ಮಗಳು ರಬ್ಬರು ತೆಗೆದುಕೊಂಡು ತನ್ನ ಕೆಂಪು ಗೆರೆಯೊಂದನ್ನು ಅಳಿಸುತ್ತಿದ್ದಳು.

"ಯಾಕೆ ಅಳಿಸ್ತಿದೀಯ?"

"ನನಗೆ ಇಲ್ಲಿ ಲಾಳದ ಥರ ಗುಳಿ ಕಾಣ್ತಿತ್ತು. ಸೆನ್ಸೇ ಇಲ್ಲ ಅಂತಾರೆ. ಅದು ಸಣ್ಣ ದಿಬ್ಬ ಅಂತೆ."

"ನಿನ್ನ ಕಣ್ಣಲ್ಲಿ ಕಂಡದ್ದನ್ನ ಅವರ ಬಾಯಿಮಾತಿಗೆ ಅಳಿಸ್ತೀಯಾ?"

"ಅವರು ಹುಟ್ಟಿದ ಊರು ಅಮ್ಮ ಅದು. ನನಗೆ ಪೆನ್ಸಿಲ್ ಹಿಡಿಯೋದು ಕಲಿಸ್ದೋರು. ಅವರು ದಿಬ್ಬ ಅಂದ್ಮೇಲೆ ದಿಬ್ಬ. ನಾನೇ ತಪ್ಪು ನೋಡಿರ್ತೀನಿ."

ನಾನು ಬಗ್ಗಿ ನೋಡಿದೆ. ನಾನು ಬಂದ ಹೊಸದರಲ್ಲಿ ನೋಡಿದ ಅದೇ ಫೋಟೋ. ಅದೇ ಇಡ್ಲಿ.

ನನಗೆ ಆ ಕ್ಷಣ ಏನೂ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಡಿಗೆಮನೆಗೆ ಹೋಗಿ ಹಾಲಿಗೆ ಗ್ಯಾಸ್ ಹಚ್ಚಿ ಸುಮ್ಮನೆ ನಿಂತೆ. ಸೈಕಲ್ಲು ಬಿಟ್ಟವರು. ಟೇಪು ನೋಡಿ ವೆರಿ ಗುಡ್ ಎಂದವರು. ಕಾಫಿ ಸುರಿಯುವುದನ್ನು ನನ್ನಿಂದ ಕಲಿತರು ಎಂದುಕೊಂಡಿದ್ದೆ. ಮೊದಲ ಸಲ ಕಲಿತವರು ಯಾರೂ ಅಷ್ಟು ನೀಟಾಗಿ ಅಂಚಿಗೆ ಅಂಚು ತಾಗಿಸುವುದಿಲ್ಲ, ನನ್ನ ಅಳಿಯನ ಹಾಗೆ ಮೇಲಿನಿಂದ ಹಾರಿಸಲು ಹೋಗಿ ಚೆಲ್ಲುತ್ತಾರೆ. ಅವರಿಗೆ ಆ ಟಿಣ್ ಶಬ್ದ ಮೊದಲೇ ಗೊತ್ತಿತ್ತು.

ಮಗಳು ಏನೋ ಆನ್‌ಲೈನ್ ಮೀಟಿಂಗು ಎಂದು ಕೋಲೂರಿಕೊಂಡು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಕಾಫಿ ತಂದಿಟ್ಟು ಅವರ ಎದುರು ಕುಳಿತೆ. ಮೇಜಿನ ಮೇಲಿದ್ದ ಕೆಂಪು ಪೆನ್ಸಿಲನ್ನು ತುದಿ ಮೇಲೆ ಮಾಡಿ ಹಿಡಿದೆ. ನೀಲಿಯನ್ನು ಅವರ ಕೈಗೆ ಕೊಟ್ಟೆ.

"ಗೇಮ್. ತುದಿಗೆ ತುದಿ. ಟಚ್."

ಅವರು ನಗುತ್ತಾ ಕೈ ಚಾಚಿದರು. ನೀಲಿ ತುದಿ ಕೆಂಪು ತುದಿಯ ಹಿಂದೆ ಹಾದುಹೋಯಿತು. ಇನ್ನೊಮ್ಮೆ ಎಂದೆ. ಈ ಸಲ ಮುಂದೆಯೇ ನಿಂತಿತು. ಅವರು ನಗುವುದನ್ನು ನಿಲ್ಲಿಸಿದರು. ನಾನು ನನ್ನ ಎಡಗಣ್ಣು ತೋರಿಸಿ ಕೈ ಆಡಿಸಿದೆ, ಇಲ್ಲ ಎಂದು. ಈಗ ನನ್ನ ಸರದಿ ಎಂದು ಅವರ ಪೆನ್ಸಿಲಿನ ತುದಿಗೆ ನನ್ನದನ್ನು ತಾಗಿಸಲು ಹೋದೆ. ನಾನೂ ಗಾಳಿಯನ್ನೇ ಚುಚ್ಚಿದೆ. ಒಂದು ಗಳಿಗೆ ಇಬ್ಬರೂ ನಕ್ಕೆವು. ಪರೀಕ್ಷೆಯಲ್ಲಿ ಕಾಪಿ ಹೊಡೆದು ಒಟ್ಟಿಗೆ ಸಿಕ್ಕಿಬಿದ್ದ ಮಕ್ಕಳ ನಗು ಅದು.

ಅವರು ಜೇಬಿನಿಂದ ಫೋನು ತೆಗೆದು ಅದಕ್ಕೆ ಮೆಲ್ಲಗೆ ಜಪಾನಿಯಲ್ಲಿ ಹೇಳಿದರು. ಫೋನಿನೊಳಗಿನ ಹೆಂಗಸು ಪಠ್ಯಪುಸ್ತಕದ ಕನ್ನಡದಲ್ಲಿ ಹೇಳಿದಳು: "ಕಳೆದ ವರ್ಷ ನನ್ನ ಬಲ ಕಣ್ಣು ನಿಂತುಹೋಯಿತು. ದಯವಿಟ್ಟು ಇದನ್ನು ಮೃದುವಾಗಿ ಇಟ್ಟುಕೊಳ್ಳಿ." ಗುಟ್ಟಾಗಿರಲಿ ಎನ್ನುವುದನ್ನು ಅವಳು ಹಾಗೆ ಹೇಳಿದಳೆಂದು ಊಹಿಸಿಕೊಂಡೆ.

ನಾನು ಫೋನಿಗೆ ಇಡ್ಲಿ, ಇಡ್ಲಿ ತಟ್ಟೆ ಎಂದೆಲ್ಲ ಹೇಳಿದೆ. ಅದು ಏನು ಹೇಳಿತೋ, ಅವರು ಹುಬ್ಬು ಗಂಟಿಕ್ಕಿದರು. ಫೋನು ಬದಿಗಿಟ್ಟು ನನ್ನ ಕಾಫಿ ಬಟ್ಟಲು ಖಾಲಿ ಮಾಡಿದೆ. ಅದನ್ನು ಆ ಫೋಟೋದ ಮೇಲೆ, ಗುಡ್ಡದ ಜಾಗದಲ್ಲಿ ಬೋರಲು ಹಾಕಿದೆ. "ಯೂ" ಎಂದೆ. "ಮಿ ಆಲ್ಸೋ" ಎಂದೆ. ಆಮೇಲೆ ಬಟ್ಟಲನ್ನು ಮೇಲ್ಮುಖ ಮಾಡಿಟ್ಟು, ಒಳಗಿನ ಕೋಣೆಯ ಬಾಗಿಲು ತೋರಿಸಿದೆ. "ಡಾಟರ್."

ಅವರು ಬಟ್ಟಲನ್ನೇ ನೋಡುತ್ತಾ ಕುಳಿತರು. ಅದರ ತಳದಲ್ಲಿ ಒಂದು ಹನಿ ಕಾಫಿ ಉಳಿದಿತ್ತು. ಬಟ್ಟಲಿನ ಪಕ್ಕದಲ್ಲೇ, ಇಳಿಜಾರು ಮುಗಿದು ರೈಲು ಹಳಿ ಹಾದುಹೋಗುವ ಕಡೆ, ಒಂದು ಸಣ್ಣ ಚೌಕದ ಮೇಲೆ ಬೆರಳಿಟ್ಟರು.

"ಸಿಸ್ಟರ್" ಎಂದರು.

ಆಮೇಲೆ ಅವರು ಮಾಡಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ನೀಲಿ ಪೆನ್ಸಿಲು ತೆಗೆದುಕೊಂಡು, ಮಗಳು ಅಳಿಸಿದ ಜಾಗದಲ್ಲಿ ಮಸುಕಾಗಿ ಉಳಿದಿದ್ದ ಕೆಂಪನ್ನು ಹಿಡಿದುಕೊಂಡು, ಲಾಳದ ಆಕಾರವನ್ನು ತಾವೇ ಎಳೆದರು. ಕೈ ಎಷ್ಟು ಸ್ಥಿರವಾಗಿತ್ತು. ಎಳೆದು ನನ್ನ ಮುಖ ನೋಡಿದರು. ಫೋನು ಹೇಳಿತು: "ಇದು ನನ್ನ ಊರಿನ ಹಾಳೆ. ಇದರೊಂದಿಗೆ ನಾನು ಮುಗಿಸುತ್ತೇನೆ. ಇಷ್ಟು ಸಾಕೇ?"

ಸಾಕು ಎನ್ನಲು ನನಗೆ ಎಷ್ಟು ಆಸೆಯಾಯಿತು. ಗುಳಿ ಸಿಕ್ಕಿತು, ಗೆರೆ ಬಿತ್ತು, ಅವರ ಮರ್ಯಾದೆ ಉಳಿಯಿತು. ಮುಂದಿನ ಶನಿವಾರ ಸೇಬು ಬರುತ್ತದೆ. ಆದರೆ ಕೊಳವೆಯಲ್ಲಿ ಇನ್ನೂ ಹಾಳೆಗಳಿದ್ದವು. ಕಳೆದ ವರ್ಷದಿಂದ ಅವರು ಆ ಒಂದೇ ಕಣ್ಣಿನಲ್ಲಿ ನೋಡಿದ ಹಾಳೆಗಳು. ಮಗಳು ಇನ್ನೂ ಎಷ್ಟು ಕಡೆ ರಬ್ಬರು ಹಿಡಿದಿದ್ದಳೋ. ಒಂದೊಂದು ಇಳಿಜಾರಿನ ಕೆಳಗೂ ಯಾರದೋ ಅಕ್ಕ ಇರುತ್ತಾಳೆ.

ನಾನು ಕೊಳವೆಯ ಮೇಲೆ ಕೈಯಿಟ್ಟೆ. "ದಿಸ್?" ಎಂದೆ.

ಅವರು ತಮ್ಮ ಲೋಟ ಕೈಗೆತ್ತಿಕೊಂಡರು. ತಣ್ಣಗಾದ ಕಾಫಿಯನ್ನು ಅಂಚಿಗೆ ಅಂಚು ತಾಗಿಸಿ ಬಟ್ಟಲಿಗೆ ಸುರಿದುಕೊಂಡು, ಕೊನೆಯ ಹನಿಯವರೆಗೂ ಕುಡಿದರು. ಎದ್ದು ಷರ್ಟಿನ ಕಾಲರು ಸರಿಮಾಡಿಕೊಂಡರು. ಒಳಗಿನ ಕೋಣೆಯ ಬಾಗಿಲ ಮುಂದೆ ಹೋಗಿ, ಮೀಟಿಂಗು ಮುಗಿಯುವವರೆಗೂ ಶಾಲೆಯ ಹುಡುಗನ ಹಾಗೆ ನಿಂತಿದ್ದರು. ಕುಳಿತುಕೊಳ್ಳಿ ಎಂದು ಕುರ್ಚಿ ಕೊಟ್ಟೆ. ಬೇಡ ಎಂದರು.

ಮಗಳು ಬಾಗಿಲು ತೆಗೆದಳು. ಅವರು ಸೊಂಟದವರೆಗೂ ಬಾಗಿ ಹೇಳಿದರು. ಏನು ಹೇಳಿದರೋ ನನಗೆ ತಿಳಿಯದು, ಕ್ಷಮಿಸಿ ಎನ್ನುವ ಅವರ ಸುಮಿಮಾಸೆನ್‌ಗಿಂತ ಬಹಳ ಉದ್ದವಾದ ಮಾತು. ಮಗಳು ಅವರನ್ನು ಎತ್ತಲು ಕೈ ಚಾಚಿದಳು, ಅಲ್ಲಿ ಕೈ ಹಿಡಿದು ಎತ್ತುವ ವಾಡಿಕೆಯಿಲ್ಲ, ಕೈ ಹಿಂತೆಗೆದುಕೊಂಡಳು. ತಾನೂ ಬಾಗಲು ಹೋದಳು. ಪ್ಲಾಸ್ಟರಿನ ಕಾಲಿನಲ್ಲಿ ಬಾಗಲಾಗದೆ ಬಾಗಿಲು ಹಿಡಿದುಕೊಂಡು ಅತ್ತಳು. "ಸೆನ್ಸೇ, ಸೆನ್ಸೇ" ಎನ್ನುತ್ತಲೇ ಇದ್ದಳು.

ಅವರು ಹೊರಟಾಗ ಕೆಂಪು ಟೇಪಿನ ಮೇಲೆ ಹೆಜ್ಜೆ ಇಟ್ಟು ಇಳಿದರು. ನನ್ನ ಕಡೆ ತಿರುಗಿ, "ಅಮ್ಮ-ಸಾನ್, ಅರಿಗಾತೋ" ಎಂದರು. ಆ ಥ್ಯಾಂಕ್ಸಿನಲ್ಲಿ ಕೋಪ ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಿನಗ್ಯಾಕಮ್ಮ ಬೇಕಿತ್ತು?" ಎಂದಳು ಮಗಳು ಬಾಗಿಲು ಹಾಕಿದ ಮೇಲೆ. "ನನಗೆ ಹೇಳಿದ್ರೆ ನಾನೇ ಹೇಗೋ ಮೆಲ್ಲಗೆ ಮಾಡ್ತಿದ್ದೆ."

"ಏನು ಮಾಡ್ತಿದ್ದೆ? ಇನ್ನೊಂದು ರಬ್ಬರ್ ತರ್ತಿದ್ಯಾ?"

ಆ ರಾತ್ರಿ ನಾವಿಬ್ಬರೂ ಬೇರೆ ಬೇರೆ ಉಂಡೆವು. ಮೊಮ್ಮಗಳು ಸೇಬು ಕೊಯ್ದುಕೊಂಡು ತಿಂದಳು.

ಅವರ ಆ ವರ್ಷದ ಹಾಳೆಗಳನ್ನೆಲ್ಲ ಮಗಳು ಬೇರೊಬ್ಬರ ಜೊತೆ ಕುಳಿತು ಮೊದಲಿನಿಂದ ನೋಡಿದಳು. ಹೆಚ್ಚಿನವು ಸರಿಯಾಗಿಯೇ ಇದ್ದವಂತೆ. ಹಿಂದೆ ಕಾಲ್ನಡಿಗೆಯಲ್ಲಿ ಸುತ್ತಿ ನೋಡಿದ್ದ ಗುಡ್ಡಗಳನ್ನು ನೆನಪಿನಿಂದಲೇ ಎಳೆದಿದ್ದರು. ತಪ್ಪಿದ್ದವುಗಳನ್ನು ತಿದ್ದಿದರು. ಅಕ್ಕನ ಮನೆಯ ಮೇಲಿನ ಲಾಳ ಕೆಂಪಾಗಿ ನಕ್ಷೆಯಲ್ಲಿ ನಿಂತಿತು. ನೀಲಿ ಪೆನ್ಸಿಲಿನ ಗೆರೆ ಒಂದೂ ಉಳಿಯಲಿಲ್ಲ, ಉಳಿಸಬಾರದು ಎಂದು ಅವರೇ ಬರೆದುಕೊಟ್ಟಿದ್ದರು.

ಶನಿವಾರ ಅವರು ಬರಲಿಲ್ಲ. ಅದರ ಮುಂದಿನ ಶನಿವಾರವೂ ನಾನು ಡಿಕಾಕ್ಷನ್ ಇಳಿಸಿದೆ. ಮಗಳು ನೋಡಿಯೂ ನೋಡದ ಹಾಗೆ ಇದ್ದಳು.

ಒಮ್ಮೆ ಮಾತ್ರ ಬಂದರು, ಊರು ಬಿಡುವ ಮುಂಚೆ. ಅಕ್ಕ ಮನೆ ಖಾಲಿ ಮಾಡಲು ಒಪ್ಪುತ್ತಿಲ್ಲ, ನನಗೂ ಇಲ್ಲಿ ಕೆಲಸವಿಲ್ಲ, ಹೋಗಿ ಅವಳ ಜೊತೆ ಇರುತ್ತೇನೆ, ಮೆಲ್ಲಗೆ ಒಪ್ಪಿಸುತ್ತೇನೆ ಎಂದರು. ಆ ಗೆರೆಯ ಕೆಳಗೆ ಹೋಗಿ ಇರಬೇಡಿ ಎಂದು ಮಗಳು ಅಂಗಲಾಚಿದಳು. ಅವರು ನಕ್ಕು, ಅವಳ ಮಾತನ್ನು ಕೇಳಿಸಿಕೊಂಡೇ ಇಲ್ಲವೆಂಬಂತೆ ಅವಳ ಕಾಲು ವಿಚಾರಿಸಿದರು. ನಾನು ಒಂದು ಲೋಟ, ಒಂದು ಬಟ್ಟಲು, ಉಳಿದಿದ್ದ ಕಾಫಿಪುಡಿ ಕಟ್ಟಿಕೊಟ್ಟೆ. ಜೊತೆಗೆ ಕೊಂಬಿನಿಯಿಂದ ಒಂದು ಹೊಸ ಕೆಂಪು ಟೇಪು ತಂದು ಹಾಕಿದೆ. ತೋಟದ ಮನೆ, ಕಲ್ಲಿನ ಮೆಟ್ಟಿಲು ಎಂದು ಕೇಳಿದ್ದೆ. ಅವರು ಟೇಪನ್ನು ನೋಡಿ ಅರ್ಥವಾಯಿತು ಎಂದು ತಲೆಯಾಡಿಸಿದರು.

ನನ್ನ ವೀಸಾ ಮುಗಿದು ಮೈಸೂರಿಗೆ ಬಂದೆ. ಹೊರಡುವ ಮೊದಲು ಮೊಮ್ಮಗಳ ಹತ್ತಿರ ಫೋನಿನಲ್ಲಿ ಟೈಪು ಮಾಡಲು ಕಲಿತಿದ್ದೆ. ಕಲಿತದ್ದೇ ಅವರಿಗೆ ಮೆಸೇಜು ಹಾಕಲು. ಆ ಕಣಿವೆಯಲ್ಲಿ ಮಳೆ ಎಂದು ಫೋನು ತೋರಿಸಿದಾಗಲೆಲ್ಲ ಒಂದೇ ಬೆರಳಿನಲ್ಲಿ ಬರೆಯುತ್ತಿದ್ದೆ: ಮಳೆಯಾ? ಅವರ ಫೋನು ಅದನ್ನು ಜಪಾನಿ ಮಾಡಿಕೊಳ್ಳುತ್ತಿತ್ತು. ಅವರು ಮಾತು ಬರೆಯುತ್ತಿರಲಿಲ್ಲ. ಒಂದು ಫೋಟೋ ಕಳಿಸುತ್ತಿದ್ದರು, ಬಟ್ಟಲಿನ ಅಂಚಿನ ಮೇಲೆ ಒರಗಿ ನಿಂತ ಲೋಟ, ಹಿಂದೆ ಕಿಟಕಿ, ಕಿಟಕಿಯಾಚೆ ಮಳೆಯಲ್ಲಿ ಆ ಗುಡ್ಡ. ನಾವು ಇದ್ದೇವೆ, ಗುಡ್ಡವೂ ಇದೆ ಎಂದು ಅರ್ಥ. ಮಳೆಗಾಲವೆಲ್ಲ ಹೀಗೇ ಕಳೆಯಿತು. ದೊಡ್ಡ ಬಿರುಗಾಳಿ ಬಂದಾಗ ನಾನು ದೇವರ ಮುಂದೆ ಫೋನು ಇಟ್ಟುಕೊಂಡು ಕುಳಿತಿದ್ದೆ. ಆವತ್ತೂ ಫೋಟೋ ಬಂತು. ನೊರೆ ಕೂಡ ಇತ್ತು.

ಮಗಳು ಫೋನು ಮಾಡಿದ ದಿನ ಅಲ್ಲಿ ಬಿಸಿಲಿತ್ತು. ಹಿಂದಿನ ವಾರವೆಲ್ಲ ಬಿಸಿಲೇ, ಹಾಗಾಗಿ ನಾನು ಏನೂ ಬರೆದಿರಲಿಲ್ಲ. ನೀಲಿ ಸಾನ್ ಬೆಳಿಗ್ಗೆ ಸೇಬಿನ ಬುಟ್ಟಿ ಹಿಡಿದುಕೊಂಡು ಹಿತ್ತಿಲಿನ ಕಲ್ಲಿನ ಮೆಟ್ಟಿಲು ಇಳಿಯುತ್ತಿದ್ದರಂತೆ. ಹೆಜ್ಜೆ ತಪ್ಪಿ ಬಿದ್ದು ತಲೆಗೆ ಪೆಟ್ಟಾಯಿತು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು.

"ಗುಡ್ಡ?" ಎಂದು ಕೇಳಿದೆ. ಯಾಕೆ ಕೇಳಿದೆನೋ.

"ಗುಡ್ಡಕ್ಕೇನೂ ಆಗಿಲ್ಲಮ್ಮ" ಎಂದಳು. "ಅದು ಹಾಗೇ ಇದೆ."

ಈ ಸಲ ನಾನು ತ್ಸುಕುಬಾಕ್ಕೆ ಬಂದು ಕೆಲವು ದಿನಗಳಾದವು. ಮಗಳು ನೆಟ್ಟಗೆ ನಡೆಯುತ್ತಾಳೆ, ಆಫೀಸಿಗೆ ಹೋಗುತ್ತಾಳೆ. ಬಾಗಿಲ ಮೆಟ್ಟಿಲಿನ ಟೇಪನ್ನು ಅವಳು ಕಿತ್ತಿಲ್ಲ. ನಿನ್ನೆ ಒಂದು ಪೆಟ್ಟಿಗೆ ಬಂತು. ಅವರ ಅಕ್ಕ ಕಳಿಸಿದ್ದು. ತಮ್ಮ ಹೋದಮೇಲೆ ಒಬ್ಬರೇ ಅಲ್ಲಿರಲಾರದೆ ಪೇಟೆಯಲ್ಲಿ ಒಂದು ಸಣ್ಣ ಮನೆಗೆ ಹೋಗಿದ್ದಾರಂತೆ. ತಮ್ಮ ಜೀವದಿಂದಿದ್ದಾಗ ಎಷ್ಟು ಹೇಳಿದರೂ ಕೇಳಲಿಲ್ಲವಂತೆ. ಆ ಗೆರೆಯ ಕೆಳಗೆ ಈಗ ಯಾರೂ ಇಲ್ಲ.

ಪೆಟ್ಟಿಗೆಯಲ್ಲಿ ಮೇಲೆ ಸೇಬುಗಳಿದ್ದವು. ಕೆಳಗೆ ಪೇಪರಿನಲ್ಲಿ ಸುತ್ತಿದ ನನ್ನ ಲೋಟ, ಬಟ್ಟಲು, ತಿಕ್ಕಿ ತಿಕ್ಕಿ ಹೊಳಪು ಬರಿಸಿದ್ದವು. ಅವುಗಳ ಕೆಳಗೆ ಕೆಂಪು ಟೇಪು. ಮೇಲಿನ ಪ್ಲಾಸ್ಟಿಕ್ಕು ಕೂಡ ಬಿಚ್ಚಿರಲಿಲ್ಲ.

ನಾನು ಅದನ್ನು ಕೈಯಲ್ಲಿ ಹಿಡಿದು ಕುಳಿತೆ. ಮಗಳು ಪಕ್ಕದಲ್ಲಿ ಕುಳಿತಳು.

"ಅಕ್ಕ ಫೋನಲ್ಲಿ ಕೇಳಿದ್ರು ಅಮ್ಮ. ಇದನ್ನ ಯಾಕೆ ಇಟ್ಕೊಂಡಿದ್ದ ನನ್ನ ತಮ್ಮ, ಬಟ್ಟೆಯ ಕೆಳಗೆ ಬಚ್ಚಿಟ್ಟಿದ್ದ, ಏನಕ್ಕೆ ಇದು ಅಂತ."

"ಕಣ್ಣಿನ ವಿಷಯ?"

"ಗೊತ್ತಿಲ್ಲ ಅವರಿಗೆ. ರಿಟೈರ್ ಆಗಿ ಬಂದೆ ಅಂತ ಮಾತ್ರ ಹೇಳಿದ್ರಂತೆ. ಮೆಟ್ಟಿಲಿಗೆ ಟೇಪ್ ಅಂಟಿಸಿದ್ರೆ ಅಕ್ಕ ಕೇಳ್ತಿದ್ರಲ್ಲ, ಅದಕ್ಕೇ ಇರ್ಬೇಕು." ಅವಳು ಒಂದು ಸೇಬು ತೆಗೆದು ಮೇಜಿನ ಮೇಲಿಟ್ಟಳು. "ಇವತ್ತು ಮಾಡ್ತೀನಿ ಅಂದಿದೀನಿ. ಏನು ಹೇಳ್ಲಿ?"

ಆಫೀಸಿಗೆಲ್ಲ ತಲೆ ಬಗ್ಗಿಸಿ ಹೇಳಿದವರು, ತಮ್ಮನ್ನು ಎತ್ತಿ ಆಡಿಸಿದ ಅಕ್ಕನಿಗೆ ಹೇಳಲಾರದೆ ಹೋಗಿದ್ದರು. ಮೃದುವಾಗಿ ಇಟ್ಟುಕೊಳ್ಳಿ ಎಂದು ಫೋನಿನ ಹೆಂಗಸು ಹೇಳಿದ್ದು ನೆನಪಾಯಿತು. ಆವತ್ತು ನಾನು ಇಟ್ಟುಕೊಂಡಿರಲಿಲ್ಲ.

"ಸೇಬಿನ ಪೆಟ್ಟಿಗೆ ಕಟ್ಟೋಕೆ ಅಂತ ನಮ್ಮಮ್ಮ ಕೊಟ್ಟಿದ್ದು ಅಂತ ಹೇಳು" ಎಂದೆ. "ಬರೋ ವರ್ಷ ಇದರಲ್ಲೇ ಕಟ್ಟಿ ಕಳಿಸ್ತೀನಿ ಅಂತ ಇಟ್ಕೊಂಡಿದ್ರು ಅಂತ ಹೇಳು."

ಮಗಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಫೋನು ತೆಗೆದುಕೊಂಡು ಒಳಗಿನ ಕೋಣೆಗೆ ಹೋದಳು. ಬಾಗಿಲಾಚೆ ಅವಳು ಜಪಾನಿಯಲ್ಲಿ ಮೆಲ್ಲಗೆ ಮಾತಾಡುವುದು ಕೇಳುತ್ತಿತ್ತು. ಸೇಬಿಗೆ ಅವರು ರಿಂಗೊ ಎನ್ನುತ್ತಾರೆ. ಅಷ್ಟೊಂದು ಮಾತಿನಲ್ಲಿ ಆ ಒಂದು ಪದ ನನಗೆ ತಿಳಿಯಿತು.